ವಿಶ್ವದ ಅಳತೆಗೋಲನ್ನು ತಿದ್ದಿದ ವಾಲ್ಟರ್ ಬಾಡೆ

ಮಗಳ ವಯಸ್ಸು ತಾಯಿಯ ವಯಸ್ಸಿಗಿಂತ ಹೆಚ್ಚೆಂದು ಯಾರಾದರೂ ಲೆಕ್ಕ ಮಾಡಿ ತೋರಿಸಿದರೆ, ಆ ಲೆಕ್ಕದಲ್ಲಿಯೇ ಎಲ್ಲೋ ತಪ್ಪಿದೆಯೆಂದು ನಾವು ಒಡನೆಯೇ ಹೇಳುತ್ತೇವೆ. 1930 ಮತ್ತು 1940ರ ದಶಕಗಳಲ್ಲಿ ಖಗೋಳವಿಜ್ಞಾನಿಗಳ ಕೈಯಲ್ಲಿದ್ದುದು ಇಂಥದೇ ಒಂದು ಲೆಕ್ಕ. ದೂರದ ಗೆಲಾಕ್ಸಿಗಳು ನಮ್ಮಿಂದ ಹಿಂದೆ ಸರಿಯುತ್ತಿವೆ, ದೂರ ಹೆಚ್ಚಿದಷ್ಟೂ ಅವುಗಳ ವೇಗವೂ ಹೆಚ್ಚು ಎಂದು ಎಡ್ವಿನ್ ಹಬಲ್ 1929ರಲ್ಲಿ ತೋರಿಸಿದ್ದರು. ದೂರ ಮತ್ತು ವೇಗ ಎಂಬ ಈ ಎರಡು ಅಂಕಿಗಳನ್ನು ಹಿಡಿದು ಹಿಮ್ಮುಖವಾಗಿ ಎಣಿಸುತ್ತ ಹೋದರೆ, ಎಲ್ಲವೂ ಒಂದೆಡೆ ಒತ್ತೊತ್ತಾಗಿದ್ದ ಕಾಲ ಸಿಗುತ್ತದೆ. ಹಬಲ್ ಅವರ ಅಂಕಿಗಳ ಪ್ರಕಾರ ಅದು ಸುಮಾರು 180 ಕೋಟಿ ವರ್ಷಗಳ ಹಿಂದಿನ ಮಾತು. ಆದರೆ ಶಿಲೆಗಳಲ್ಲಿನ ಯುರೇನಿಯಂ ಮತ್ತು ಸೀಸದ ಪ್ರಮಾಣವನ್ನು ಅಳೆಯುತ್ತಿದ್ದ ಭೂವಿಜ್ಞಾನಿಗಳು ಭೂಮಿಗೇ 300 ಕೋಟಿ ವರ್ಷಗಳಷ್ಟು ವಯಸ್ಸಾಗಿದೆಯೆಂದು ಹೇಳುತ್ತಿದ್ದರು. ವಿಶ್ವಕ್ಕಿಂತ ಅದರೊಳಗಿನ ಭೂಮಿ ಹಿರಿದಾಗಿಬಿಟ್ಟಿತು.

ಇದರ ಜೊತೆಗೆ ಇನ್ನೊಂದು ಮುಜುಗರವೂ ಇತ್ತು. ಅಳೆದು ನೋಡಿದ ಗೆಲಾಕ್ಸಿಗಳೆಲ್ಲ ನಮ್ಮ ಆಕಾಶಗಂಗೆಗಿಂತ ಬಹಳ ಚಿಕ್ಕವಾಗಿ ಕಾಣುತ್ತಿದ್ದವು. ನಮ್ಮ ಮನೆಯೊಂದೇ ಅರಮನೆ, ಉಳಿದವೆಲ್ಲ ಗುಡಿಸಲುಗಳು ಎಂಬಂತಹ ಚಿತ್ರವದು. ಭೂಮಿಯನ್ನು ನಡುವಿನಿಂದ ಸರಿಸಿದ ಕೋಪರ್ನಿಕಸ್‌ನಿಂದ ಈಚೆಗೆ ಇಂಥ ಹೆಗ್ಗಳಿಕೆಯನ್ನು ನಂಬುವುದನ್ನು ಖಗೋಳವಿಜ್ಞಾನ ಬಿಟ್ಟಿತ್ತು. ಆದರೂ ಅಳತೆ ಹಾಗೆ ಹೇಳುತ್ತಿತ್ತು. ಅಳತೆ ತಪ್ಪೋ, ಅಳತೆಗೋಲು ತಪ್ಪೋ ಎಂಬುದು ಇತ್ಯರ್ಥವಾಗಬೇಕಿತ್ತು. ಅದನ್ನು ಇತ್ಯರ್ಥಗೊಳಿಸಿದವರು ಜರ್ಮನಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಅಮೆರಿಕದಲ್ಲಿ ಬಾಳಿ, ಯುದ್ಧಕಾಲದಲ್ಲಿ ಅಲ್ಲಿ ಶತ್ರುದೇಶದವರೆನಿಸಿಕೊಂಡ ವಾಲ್ಟರ್ ಬಾಡೆ.

ಬಾಡೆ ಹುಟ್ಟಿದ್ದು 1893ರ ಮಾರ್ಚ್ 24ರಂದು, ವೆಸ್ಟ್‌ಫಾಲಿಯ ಪ್ರಾಂತದ ಶ್ರೋಟ್ಟಿಂಗ್‌ಹೌಸನ್ ಎಂಬಲ್ಲಿ. ತಂದೆ ಶಾಲಾ ಉಪಾಧ್ಯಾಯರು. ಹುಟ್ಟಿನಿಂದಲೇ ಸೊಂಟದ ಕೀಲಿನಲ್ಲಿ ದೋಷವಿದ್ದುದರಿಂದ ಬಾಡೆ ಜೀವನದುದ್ದಕ್ಕೂ ಕುಂಟುತ್ತ ನಡೆದರು. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗದಿರಲು ಇದೇ ಕಾರಣವಾಯಿತು. ಮ್ಯೂನ್‌ಸ್ಟರ್ ಮತ್ತು ಗಟ್ಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ಓದಿ 1919ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಹ್ಯಾಂಬುರ್ಗ್ ನಗರದ ಬೆರ್ಗೆಡಾರ್ಫ್ ವೀಕ್ಷಣಾಲಯವನ್ನು ಸೇರಿ, ಅಲ್ಲಿ ಹನ್ನೆರಡು ವರ್ಷ ದುಡಿದರು. 1920ರಲ್ಲಿ ಹಿಡಾಲ್ಗೊ, 1924ರಲ್ಲಿ ಗ್ಯಾನಿಮೆಡ್ ಎಂಬ ಕ್ಷುದ್ರಗ್ರಹಗಳನ್ನು ಕಂಡುಹಿಡಿದರು, 1922ರಲ್ಲಿ ಒಂದು ಧೂಮಕೇತುವನ್ನೂ ಕಂಡರು. ಇಷ್ಟರಿಂದಲೇ ಮತ್ತೊಬ್ಬರು ತೃಪ್ತರಾಗಬಹುದಿತ್ತು. ಬಾಡೆಯವರ ಮನಸ್ಸು ಮಾತ್ರ ಸೂರ್ಯನ ಸುತ್ತಲಿನ ಈ ಪುಡಿಗ್ರಹಗಳ ಮೇಲಿರಲಿಲ್ಲ. ದೂರದ ನಕ್ಷತ್ರಗಳು, ಅವುಗಳಾಚೆಯ ಗೆಲಾಕ್ಸಿಗಳು ಅವರನ್ನು ಸೆಳೆಯುತ್ತಿದ್ದವು. ಅವಕ್ಕೆ ಬೇಕಾದಷ್ಟು ದೊಡ್ಡ ದೂರದರ್ಶಕ ಜರ್ಮನಿಯಲ್ಲಿರಲಿಲ್ಲ, ಬೇಕಾದಷ್ಟು ನಿರ್ಮಲವಾದ ಆಕಾಶ ಹ್ಯಾಂಬುರ್ಗಿನಲ್ಲಿರಲಿಲ್ಲ.

ಹ್ಯಾಂಬುರ್ಗ್ ದಿನಗಳ ಒಂದು ಪ್ರಸಂಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅದೇ ವೀಕ್ಷಣಾಲಯದಲ್ಲಿ ಬರ್ನ್‌ಹಾರ್ಡ್ ಶ್ಮಿಟ್ ಎಂಬ ಕನ್ನಡಿ ತಿಕ್ಕುವ ಕುಶಲಿಯಿದ್ದರು. ಎಳವೆಯಲ್ಲಿ ಸಿಡಿಮದ್ದಿನ ಆಟದಲ್ಲಿ ಬಲಗೈ ಕಳೆದುಕೊಂಡಿದ್ದ ಅವರು ಉಳಿದ ಒಂದೇ ಕೈಯಿಂದ ಜಗತ್ತಿನ ಅತಿ ನಯವಾದ ಗಾಜಿನ ಮೈಗಳನ್ನು ಸಿದ್ಧಪಡಿಸುತ್ತಿದ್ದರು. 1929ರಲ್ಲಿ ಸೂರ್ಯಗ್ರಹಣವನ್ನು ನೋಡಲು ಬಾಡೆ ಮತ್ತು ಶ್ಮಿಟ್ ಜೊತೆಯಾಗಿ ಫಿಲಿಪ್ಪೀನ್ಸಿಗೆ ಹಡಗಿನಲ್ಲಿ ಹೋದರು. ಆಗಿನ ದೊಡ್ಡ ದೂರದರ್ಶಕಗಳಿಗೆಲ್ಲ ಒಂದು ರೋಗವಿತ್ತು. ಚಿತ್ರದ ನಡುವೆ ಇರುವ ನಕ್ಷತ್ರಗಳು ಚುಕ್ಕಿಯಂತೆ ಸ್ಪಷ್ಟವಾಗಿ ಮೂಡುತ್ತಿದ್ದವು, ಅಂಚಿಗೆ ಹೋದಂತೆ ಬಾಲ ಬಂದ ಧೂಮಕೇತುಗಳ ಹಾಗೆ ಜಗ್ಗಿಹೋಗುತ್ತಿದ್ದವು. ಆದ್ದರಿಂದ ಒಂದು ಸಲಕ್ಕೆ ಆಕಾಶದ ಉಗುರಗಲದ ಭಾಗವನ್ನಷ್ಟೇ ನಂಬಿಕೆಯಿಂದ ಚಿತ್ರಿಸಲು ಸಾಧ್ಯವಿತ್ತು. ಗೋಳಾಕಾರದ ಕನ್ನಡಿಯ ಮುಂದೆ ವಿಶಿಷ್ಟವಾಗಿ ತಿಕ್ಕಿದ ತೆಳುವಾದ ಗಾಜಿನ ತಟ್ಟೆಯೊಂದನ್ನಿಟ್ಟರೆ ಈ ವಿಕಾರ ನಿವಾರಣೆಯಾದೀತೆಂಬ ತಮ್ಮ ಯೋಚನೆಯನ್ನು ಶ್ಮಿಟ್ ಆ ಪ್ರಯಾಣದಲ್ಲಿ ಬಾಡೆಯವರಿಗೆ ತಿಳಿಸಿದರು. ಮರಳಿದ ಮೇಲೆ ಅದನ್ನು ಮಾಡಿಯೂ ತೋರಿಸಿದರು. ಬಾಡೆ ಅಮೆರಿಕಕ್ಕೆ ಹೋದಾಗ ಈ ವಿದ್ಯೆಯ ಸುದ್ದಿಯನ್ನು ಅಲ್ಲಿಗೆ ಒಯ್ದರು. ಮುಂದೆ ಪಾಲೊಮಾರ್ ಬೆಟ್ಟದ ಮೇಲೆ 48 ಅಂಗುಲದ ಶ್ಮಿಟ್ ದೂರದರ್ಶಕ ನಿಂತಿತು. ಅದು ತೆಗೆದ ಆಕಾಶದ ಚಿತ್ರಗಳಿಂದಲೇ ಜಾರ್ಜ್ ಏಬೆಲ್ 1958ರಲ್ಲಿ 2712 ಗೆಲಾಕ್ಸಿ ಗುಂಪುಗಳ ಪಟ್ಟಿಯನ್ನು ಪ್ರಕಟಿಸಿದರು. ಗೆಲಾಕ್ಸಿಗಳು ಆಕಾಶದಲ್ಲಿ ಹೇಗೆ ಗುಂಪುಗೂಡಿವೆಯೆಂದು ಇಂದು ತಿಳಿಯುವವರೆಲ್ಲ ಆ ಒಂಟಿ ಕೈಯ ಕುಶಲಿಗೂ ಸುದ್ದಿ ಒಯ್ದ ಬಾಡೆಯವರಿಗೂ ಋಣಿಗಳು.

ಇನ್ನು ಅಳತೆಗೋಲಿನ ವಿಷಯಕ್ಕೆ ಬರೋಣ. ಆಕಾಶದಲ್ಲಿ ದೂರವನ್ನು ಅಳೆಯಲು ಹಗ್ಗ ಹಿಡಿಯುವಂತಿಲ್ಲ. ಒಂದು ದೀಪದ ನಿಜವಾದ ಪ್ರಕಾಶ ಎಷ್ಟೆಂದು ಗೊತ್ತಿದ್ದರೆ, ಅದು ಎಷ್ಟು ಮಂಕಾಗಿ ಕಾಣುತ್ತಿದೆಯೆಂಬುದರಿಂದ ದೂರವನ್ನು ಹೇಳಬಹುದು. ಅಂತಹ ನಂಬಬಹುದಾದ ದೀಪವನ್ನು ಹುಡುಕಿಕೊಟ್ಟವರು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್. ಸೆಫೀಡ್ ಎಂಬ ಜಾತಿಯ ನಕ್ಷತ್ರಗಳು ನಿಯತವಾಗಿ ಬೆಳಗಿ ಕುಂದುತ್ತವೆ. ಚಿಕ್ಕ ಮೆಗೆಲನ್ ಮೋಡದಲ್ಲಿನ 25 ಇಂತಹ ನಕ್ಷತ್ರಗಳನ್ನು ಪರಿಶೀಲಿಸಿ, ಬೆಳಗಿ ಕುಂದಲು ಹೆಚ್ಚು ದಿನ ತೆಗೆದುಕೊಳ್ಳುವ ನಕ್ಷತ್ರ ಹೆಚ್ಚು ಪ್ರಕಾಶವುಳ್ಳದ್ದೆಂದು ಲೆವಿಟ್ 1912ರಲ್ಲಿ ಸಾಧಿಸಿದರು. ದಿನಗಳನ್ನೆಣಿಸಿದರೆ ಪ್ರಕಾಶ ತಿಳಿಯುತ್ತದೆ, ಪ್ರಕಾಶ ತಿಳಿದರೆ ದೂರ ತಿಳಿಯುತ್ತದೆ. ಆದರೆ ಗೋಲಿನ ಮೇಲೆ ಗೀಟುಗಳಿದ್ದವೇ ಹೊರತು ಒಂದು ಗೀಟು ಎಷ್ಟು ಎಂಬುದು ನಿರ್ಣಯವಾಗಿರಲಿಲ್ಲ. ಅದನ್ನು 1913ರಲ್ಲಿ ಹರ್ಟ್ಸ್‌ಪ್ರುಂಗ್, ಆಮೇಲೆ ಹಾರ್ಲೋ ಶೇಪ್ಲಿ, ಸಮೀಪದ ಬೆರಳೆಣಿಕೆಯ ಸೆಫೀಡ್‌ಗಳ ಅತ್ಯಲ್ಪ ಚಲನೆಯನ್ನು ಆಧರಿಸಿ ನಿರ್ಣಯಿಸಿದರು. ಶೇಪ್ಲಿಯವರು ಒಂದು ಹೆಜ್ಜೆ ಮುಂದೆ ಹೋಗಿ, ನಕ್ಷತ್ರಗಳ ಗೋಳಗುಚ್ಛಗಳಲ್ಲಿ ಸಿಗುವ ಸೆಫೀಡ್‌ಗಳನ್ನೂ, ಅರ್ಧ ದಿನದಲ್ಲೇ ಬೆಳಗಿ ಕುಂದುವ ಆರ್‌ಆರ್ ಲೈರೆ ಎಂಬ ಚಿಕ್ಕ ನಕ್ಷತ್ರಗಳನ್ನೂ ಅದೇ ಗೆರೆಗೆ ಸೇರಿಸಿ ಒಂದೇ ಗೋಲು ಮಾಡಿದರು. ಈ ಗೋಲನ್ನು ಹಿಡಿದೇ ಹಬಲ್ ಆಂಡ್ರೊಮಿಡ ಗೆಲಾಕ್ಸಿಯನ್ನು, ಎಂದರೆ ನಾವು ದೇವಯಾನಿಯೆನ್ನುವ ನಕ್ಷತ್ರಪುಂಜದ ದಿಕ್ಕಿನಲ್ಲಿ ಕಾಣುವ ಬೆಳಕಿನ ಮಬ್ಬನ್ನು, ಸುಮಾರು 9 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿ ನಿಲ್ಲಿಸಿದರು. ಉಳಿದ ಗೆಲಾಕ್ಸಿಗಳ ದೂರಗಳೆಲ್ಲ ಇದರ ಹೆಗಲ ಮೇಲೆ ನಿಂತವು.

ನಮ್ಮ ಕಡೆಯ ಹಿರಿಯರಿಗೆ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಎರಡೂ ಮಾತು ಗೊತ್ತು. ಹೆಸರು ಒಂದೇ ಸೇರು, ತೂಕ ಬೇರೆ ಬೇರೆ. ಬರಿದೆ ಸೇರು ಎಂದು ಬರೆದಿಟ್ಟ ಹಳೆಯ ಲೆಕ್ಕದ ಚೀಟಿಯನ್ನು ಓದುವವನು ಯಾವ ಸೇರೆಂದು ಕೇಳದೆ ಕೂಡಿಸಿದರೆ ಮೊತ್ತವೆಲ್ಲ ತಪ್ಪುತ್ತದೆ. ಕೂಡುವುದರಲ್ಲಿ ಒಂದು ತಪ್ಪೂ ಇರುವುದಿಲ್ಲ. ಶೇಪ್ಲಿ ಮತ್ತು ಹಬಲ್ ಅವರ ಲೆಕ್ಕಕ್ಕೆ ಒದಗಿದ್ದು ಸರಿಸುಮಾರು ಈ ಗತಿಯೇ. ಸೆಫೀಡ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಜಾತಿಯ ನಕ್ಷತ್ರಗಳಿದ್ದವು. ಅದು ಆಗ ಯಾರಿಗೂ ತಿಳಿದಿರಲಿಲ್ಲ.

1931ರಲ್ಲಿ ಬಾಡೆ ಕ್ಯಾಲಿಫೋರ್ನಿಯದ ಮೌಂಟ್ ವಿಲ್ಸನ್ ವೀಕ್ಷಣಾಲಯಕ್ಕೆ ಬಂದರು. ಜಗತ್ತಿನ ಅತಿ ದೊಡ್ಡದಾಗಿದ್ದ 100 ಅಂಗುಲದ ದೂರದರ್ಶಕ ಅಲ್ಲಿತ್ತು. 1934ರಲ್ಲಿ ಫ್ರಿಟ್ಸ್ ಜ್ವಿಕಿ ಅವರೊಡನೆ ಸೇರಿ, ಕೆಲವು ನಕ್ಷತ್ರಗಳ ಮಹಾಸ್ಫೋಟಕ್ಕೆ ಸೂಪರ್‌ನೋವ ಎಂಬ ಹೆಸರನ್ನು ಬಳಕೆಗೆ ತಂದರು. ಆ ಸ್ಫೋಟದ ಅನಂತರ ನ್ಯೂಟ್ರಾನುಗಳಿಂದಲೇ ಆದ ಪುಟ್ಟ ನಕ್ಷತ್ರ ಉಳಿಯಬಹುದೆಂದು ಇಬ್ಬರೂ ಊಹಿಸಿದರು. ನ್ಯೂಟ್ರಾನ್ ಕಣವನ್ನು ಕಂಡುಹಿಡಿದು ಆಗ ಎರಡೇ ವರ್ಷಗಳಾಗಿದ್ದವು. ಊಹೆ ನಿಜವೆಂದು ತಿಳಿಯಲು 1967ರಲ್ಲಿ ಪಲ್ಸಾರುಗಳು ಸಿಗುವವರೆಗೆ ಕಾಯಬೇಕಾಯಿತು. ಹ್ಯಾಂಬುರ್ಗ್ ವೀಕ್ಷಣಾಲಯದ ನಿರ್ದೇಶಕರಾಗಿ ಮರಳಿ ಬರಬೇಕೆಂಬ ಕರೆ 1937ರಲ್ಲಿ ಬಂದಾಗ ಬಾಡೆ ಹೋಗಲಿಲ್ಲ.

ಹೋಗದಿದ್ದರೂ ಅವರು ಅಮೆರಿಕದ ಪ್ರಜೆಯೂ ಆಗಿರಲಿಲ್ಲ. ಪೌರತ್ವಕ್ಕಾಗಿ ಮೊದಲ ಕಾಗದಪತ್ರಗಳನ್ನು ಪಡೆದಿದ್ದರು. ಮನೆ ಬದಲಾಯಿಸುವಾಗ ಅವು ಎಲ್ಲೋ ಕಳೆದುಹೋದವು, ಮತ್ತೆ ಪಡೆಯುವ ಗೋಜಿಗೆ ಅವರು ಹೋಗಲಿಲ್ಲ. ಆಕಾಶದ ಚಿತ್ರಫಲಕಗಳನ್ನು ಅಷ್ಟು ಜತನದಿಂದ ಕಾಯುತ್ತಿದ್ದವರು ತಮ್ಮ ಕಾಗದಗಳ ವಿಷಯದಲ್ಲಿ ಹೀಗಿದ್ದರು. 1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿದ ಕೂಡಲೇ ಅವರು ಕಾನೂನಿನ ದೃಷ್ಟಿಯಲ್ಲಿ ಶತ್ರುದೇಶದ ಪ್ರಜೆಯಾದರು. ಅಂಥವರು ರಾತ್ರಿ ಮನೆ ಬಿಟ್ಟು ಹೊರಡಬಾರದೆಂಬ ಕಟ್ಟಳೆ ಬಂದಿತು. ರಾತ್ರಿಯೇ ಕೆಲಸದ ಹೊತ್ತಾಗಿರುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ. ವೀಕ್ಷಣಾಲಯದವರು ಸೇನಾಧಿಕಾರಿಗಳಿಗೆ ಮನವಿ ಮಾಡಿಕೊಂಡು, ಬಾಡೆಯವರಿಗೆ ಮತ್ತೆ ಬೆಟ್ಟ ಹತ್ತಲು ಅನುಮತಿ ದೊರಕಿಸಿದರು.

ಅನಂತರ ನಡೆದದ್ದು ಒಂದು ವಿಪರ್ಯಾಸ. ಹಬಲ್ ಮೊದಲಾದ ಸಹೋದ್ಯೋಗಿಗಳು ಯುದ್ಧದ ಸಂಶೋಧನೆಗೆಂದು ಬೇರೆಡೆಗೆ ಹೋದರು. ಅಂಥ ಕೆಲಸಕ್ಕೆ ಬಾಡೆಯವರನ್ನು ಯಾರೂ ಕರೆಯುವಂತಿರಲಿಲ್ಲ. ಜಗತ್ತಿನ ಅತಿ ದೊಡ್ಡ ದೂರದರ್ಶಕದ ರಾತ್ರಿಗಳು ಹೀಗೆ ಬಹುಮಟ್ಟಿಗೆ ಅವರ ಪಾಲಿಗೆ ಬಂದವು. ವಿಮಾನದಾಳಿಯ ಭಯದಿಂದ ಕೆಳಗಿನ ಲಾಸ್ ಏಂಜಲಿಸ್ ನಗರ ದೀಪಗಳನ್ನು ತಗ್ಗಿಸಿತು, ಬೆಟ್ಟದ ಮೇಲಿನ ಆಕಾಶ ಕಪ್ಪಾಯಿತು. ಬಾಡೆಯವರ ಶೋಧನೆಗೆ ನಗರ ಕತ್ತಲಾದದ್ದೇ ಕಾರಣವೆಂದು ಹೇಳಿ ಮುಗಿಸುವವರುಂಟು. ಅದು ಅರ್ಧ ಸತ್ಯ ಮಾತ್ರ. ಕತ್ತಲು ಬಾಗಿಲನ್ನು ತೆರೆಯಿತು; ಒಳಗೆ ಹೋಗಲು ಬೇಕಾದ ಹಟ ಅವರದೇ.

ಆಂಡ್ರೊಮಿಡ ಗೆಲಾಕ್ಸಿಯ ಹೊರಗಿನ ಸುರುಳಿ ತೋಳುಗಳಲ್ಲಿ ಬಿಡಿಬಿಡಿ ನಕ್ಷತ್ರಗಳನ್ನು ಹಬಲ್ ಮೊದಲೇ ಕಂಡಿದ್ದರು. ಆದರೆ ಅದರ ನಡುಭಾಗ, ಅದರ ಪಕ್ಕದ ಎರಡು ಪುಟ್ಟ ಸಂಗಾತಿ ಗೆಲಾಕ್ಸಿಗಳು, ಯಾವ ಚಿತ್ರದಲ್ಲೂ ಬರಿಯ ಹಾಲಿನ ಮಬ್ಬಾಗಿಯೇ ಉಳಿಯುತ್ತಿದ್ದವು. ಆ ಮಬ್ಬು ನಕ್ಷತ್ರಗಳಿಂದಲೇ ಆಗಿದ್ದರೆ ಅವು ಕಾಣಬೇಕಲ್ಲವೆ? ಬಾಡೆ ಮೊದಲು ಎಲ್ಲರಂತೆ ನೀಲಿ ಬೆಳಕಿಗೆ ಸ್ಪಂದಿಸುವ ಫಲಕಗಳನ್ನು ಬಳಸಿ ಸೋತರು. ಆಮೇಲೆ, ಅಲ್ಲಿನ ಅತಿ ಪ್ರಕಾಶದ ನಕ್ಷತ್ರಗಳು ನೀಲಿಯಲ್ಲದೆ ಕೆಂಪಾಗಿರಬಹುದೆಂದು ಯೋಚಿಸಿದರು. ಕೆಂಪು ಬೆಳಕನ್ನು ಹಿಡಿಯುವ ಹೊಸ ಫಲಕಗಳು ಆಗತಾನೇ ದೊರೆಯುತ್ತಿದ್ದವು, ಆದರೆ ಅವು ಬಹಳ ನಿಧಾನ. ಬಳಸುವ ಮುನ್ನ ಅವನ್ನು ಅಮೋನಿಯದಲ್ಲಿ ಅದ್ದಿ ಚುರುಕುಗೊಳಿಸಬೇಕು, ಆಮೇಲೂ ಗಂಟೆಗಟ್ಟಲೆ ಬೆಳಕಿಗೊಡ್ಡಬೇಕು. ಆ ಗಂಟೆಗಳಲ್ಲಿ ಗಾಳಿಯ ತಾಪ ಸ್ವಲ್ಪ ಬದಲಾದರೂ ಕನ್ನಡಿ ಹಿಗ್ಗಿ ಕುಗ್ಗಿ ಬಿಂಬ ಕದಡುತ್ತದೆ. ಆದ್ದರಿಂದ ಅವರು ತಾಪ ಸ್ಥಿರವಾಗಿ, ಗಾಳಿ ಅಲುಗದೆ ಇರುವ ರಾತ್ರಿಗಳನ್ನೇ ಆರಿಸಿಕೊಂಡು, ದೂರದರ್ಶಕದ ಪಕ್ಕದಲ್ಲಿ ನಿಂತು ಬಿಂಬವನ್ನು ಮತ್ತೆ ಮತ್ತೆ ಸರಿಪಡಿಸುತ್ತ, ಒಂದು ನಕ್ಷತ್ರವನ್ನು ಕಣ್ಣಿನಿಂದ ಬಿಡದೆ ಹಿಡಿದುಕೊಂಡು ಬೆಳಗು ಮಾಡಿದರು. ಕುಂಟು ಕಾಲಿನ, ಐವತ್ತು ತುಂಬಿದ ಮನುಷ್ಯ ಎಂಬುದನ್ನು ಮರೆಯಬಾರದು.

1943ರ ಶರತ್ಕಾಲದಲ್ಲಿ ಆ ಫಲಕಗಳ ಮೇಲೆ ಮಬ್ಬು ಒಡೆದು ಚುಕ್ಕಿಗಳಾಯಿತು. ಆಂಡ್ರೊಮಿಡದ ನಡುಭಾಗದಲ್ಲಿ, ಸಂಗಾತಿ ಗೆಲಾಕ್ಸಿಗಳಲ್ಲಿ, ಸಾವಿರಾರು ಕೆಂಪು ನಕ್ಷತ್ರಗಳು ಬಿಡಿಬಿಡಿಯಾಗಿ ನಿಂತವು. ಅದಕ್ಕಿಂತ ಮುಖ್ಯವಾದದ್ದು ಅವುಗಳ ಗುಣ. ಅವು ಸುರುಳಿ ತೋಳುಗಳ ನೀಲಿ ನಕ್ಷತ್ರಗಳನ್ನು ಹೋಲದೆ, ನಮ್ಮ ಆಕಾಶಗಂಗೆಯ ಗೋಳಗುಚ್ಛಗಳ ಕೆಂಪು ನಕ್ಷತ್ರಗಳನ್ನು ಹೋಲುತ್ತಿದ್ದವು. 1944ರಲ್ಲಿ ಪ್ರಕಟವಾದ ಎರಡು ಪುಟ್ಟ ಲೇಖನಗಳಲ್ಲಿ ಬಾಡೆ ವಿಶ್ವದ ನಕ್ಷತ್ರಗಳನ್ನು ಎರಡು ಸಂಕುಲಗಳಾಗಿ ವಿಂಗಡಿಸಿದರು. ತೋಳುಗಳಲ್ಲಿ ಧೂಳು ಮತ್ತು ಅನಿಲದ ನಡುವೆ ಇರುವ ನೀಲಿ ನಕ್ಷತ್ರಗಳದು ಒಂದನೆಯ ಸಂಕುಲ. ಗೆಲಾಕ್ಸಿಯ ನಡುವಿನಲ್ಲೂ ಗೋಳಗುಚ್ಛಗಳಲ್ಲೂ ಇರುವ ಕೆಂಪು ನಕ್ಷತ್ರಗಳದು ಎರಡನೆಯದು. ಮೊದಲನೆಯವು ಎಳೆಯವು, ಎರಡನೆಯವು ಮುದಿ ನಕ್ಷತ್ರಗಳು ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಇಂದಿನ ದೃಷ್ಟಿಗೆ ಈ ವಿಂಗಡಣೆ ತೀರ ಒರಟು. ನಡುವಿನ ಬಗೆಗಳು ಎಷ್ಟೋ ಇವೆ. ಆದರೆ ಅಳತೆಗೋಲಿನೊಳಗಿನ ಬಿರುಕು ಕಣ್ಣಿಗೆ ಬಿದ್ದದ್ದು ಈ ಒರಟು ಗೆರೆಯಿಂದಲೇ. ಹಬಲ್ ಆಂಡ್ರೊಮಿಡದಲ್ಲಿ ಅಳೆದ ಸೆಫೀಡ್‌ಗಳು ತೋಳುಗಳಲ್ಲಿದ್ದವು. ಶೇಪ್ಲಿ ಗೋಳಗುಚ್ಛಗಳಲ್ಲಿ ಅಳೆದವು ಇನ್ನೊಂದು ಸಂಕುಲದವು. ಇವೆರಡಕ್ಕೂ ಒಂದೇ ಗೋಲು ಸಲ್ಲುತ್ತದೆಂದು ಹೇಳಿದವರು ಯಾರು?

ಯುದ್ಧ ಮುಗಿಯುವ ಹೊತ್ತಿಗೆ ಬಾಡೆ ಇನ್ನೊಂದು ವಿಕಾರದ ಕಡೆಗೂ ತಿರುಗಿದ್ದರು. ಅದು ಧೂಳಿನದು. ಹಬಲ್ ಆಕಾಶದುದ್ದಕ್ಕೂ ಸುಮಾರು 44,000 ಗೆಲಾಕ್ಸಿಗಳನ್ನು ಎಣಿಸಿ, ಆಕಾಶಗಂಗೆಯ ಪಟ್ಟಿಯ ಹತ್ತಿರ ಹೋದಂತೆ ಅವು ವಿರಳವಾಗಿ ಕೊನೆಗೆ ಇಲ್ಲವೇ ಆಗುತ್ತವೆಂದು 1934ರಲ್ಲಿ ತೋರಿಸಿದ್ದರು. ಗೆಲಾಕ್ಸಿಗಳು ಆ ಪಟ್ಟಿಯನ್ನು ಕಂಡರೆ ಮಾರುದೂರ ನಿಲ್ಲುತ್ತವೆಯೇನೋ ಎಂಬಂತೆ! ನಿಜದಲ್ಲಿ ಅಲ್ಲಿ ಗೆಲಾಕ್ಸಿಗಳಿಲ್ಲದೆ ಇಲ್ಲ. ಅವುಗಳ ಬೆಳಕನ್ನು ನಮ್ಮ ಆಕಾಶಗಂಗೆಯ ಧೂಳು ನುಂಗುತ್ತದೆ. ನಕ್ಷತ್ರಗಳ ನಡುವೆ ಧೂಳಿದೆಯೆಂದು ರಾಬರ್ಟ್ ಟ್ರಂಪ್ಲರ್ 1930ರಲ್ಲಿ ಸಾಧಿಸಿದ್ದರು. ಧೂಳಿನ ಲೆಕ್ಕ ಹಿಡಿಯದವನಿಗೆ ಮಂಕಾದ ನಕ್ಷತ್ರ ದೂರದ ನಕ್ಷತ್ರವಾಗಿ ತೋರುತ್ತದೆ. ಶೇಪ್ಲಿಯವರ ಗೋಲು ಕೆಟ್ಟದ್ದರಲ್ಲಿ ಧೂಳಿನದೂ ಪಾಲಿತ್ತು, ಏಕೆಂದರೆ ಗೋಲನ್ನು ನಿರ್ಣಯಿಸಲು ಬಳಸಿದ ಸಮೀಪದ ಸೆಫೀಡ್‌ಗಳೆಲ್ಲ ಆ ಧೂಳಿನ ಪಟ್ಟಿಯಲ್ಲೇ ಇದ್ದವು. ಅವುಗಳ ಬೆಳಕು ದಾರಿಯಲ್ಲಿ ಸೋರಿಹೋದದ್ದನ್ನು ಕೂಡಿಸಿಕೊಳ್ಳದೆ, ಅವು ಇರುವುದೇ ಅಷ್ಟು ಪ್ರಕಾಶದವೆಂದು ತಿಳಿಯಲಾಗಿತ್ತು. ಧನುರಾಶಿಯ ದಿಕ್ಕಿನಲ್ಲಿ, ಗೋಳಗುಚ್ಛವೊಂದರ ಆಸುಪಾಸಿನಲ್ಲಿ, ಧೂಳು ತೆಳುವಾಗಿರುವ ಒಂದು ಸಂದನ್ನು ಬಾಡೆ ಆರಿಸಿಕೊಂಡರು. ಅದರ ಮೂಲಕ ಆಕಾಶಗಂಗೆಯ ನಡುವಿನ ಆರ್‌ಆರ್ ಲೈರೆ ನಕ್ಷತ್ರಗಳನ್ನು ಕಂಡು, ನಡುವಿನ ದೂರವನ್ನು ಅಳೆಯುವ ದಾರಿಯನ್ನು 1946ರಲ್ಲಿ ತೋರಿಸಿದರು. ಆ ಸಂದನ್ನು ಖಗೋಳವಿಜ್ಞಾನಿಗಳು ಇಂದಿಗೂ ಬಾಡೆಯ ಕಿಟಕಿ ಎನ್ನುತ್ತಾರೆ.

1948ರಲ್ಲಿ ಪಾಲೊಮಾರ್ ಬೆಟ್ಟದ 200 ಅಂಗುಲದ ದೂರದರ್ಶಕ ಉದ್ಘಾಟನೆಯಾಯಿತು. ಅದು ಬಳಕೆಗೆ ಸಿದ್ಧವಾಗುತ್ತಲೇ ಬಾಡೆ ಅದರಿಂದ ಮಾಡಬಯಸಿದ ಕೆಲಸಗಳಲ್ಲಿ ಒಂದು, ಆಂಡ್ರೊಮಿಡದಲ್ಲಿ ಆರ್‌ಆರ್ ಲೈರೆ ನಕ್ಷತ್ರಗಳನ್ನು ಹುಡುಕುವುದು. ಇಲ್ಲಿ ಸ್ವಲ್ಪ ಅಂಕಿಗಳನ್ನು ಸಹಿಸಿಕೊಳ್ಳಬೇಕು. ನಕ್ಷತ್ರದ ತೋರಿಕೆಯ ಪ್ರಕಾಶವನ್ನು ಕಾಂತಿಮಾನ ಎಂಬ ಅಂಕಿಯಿಂದ ಹೇಳುತ್ತಾರೆ. ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಹಬಲ್ ಹೇಳಿದ ದೂರವೇ ನಿಜವಾದರೆ ಅಲ್ಲಿಯ ಆರ್‌ಆರ್ ಲೈರೆ ನಕ್ಷತ್ರಗಳು 22.4 ಕಾಂತಿಮಾನದಲ್ಲಿ ಕಾಣಬೇಕು. ಹೊಸ ದೂರದರ್ಶಕಕ್ಕೆ ಅದು ಎಟಕುವಂಥದೇ. ಬಾಡೆ ಫಲಕದ ಮೇಲೆ ಫಲಕ ತೆಗೆದರು. ಆರ್‌ಆರ್ ಲೈರೆ ನಕ್ಷತ್ರಗಳು ಕಾಣಲಿಲ್ಲ. 22.4ರ ಹತ್ತಿರ ಕಂಡವು ಎರಡನೆಯ ಸಂಕುಲದ ಅತಿ ಪ್ರಕಾಶದ ಕೆಂಪು ದೈತ್ಯ ನಕ್ಷತ್ರಗಳು ಮಾತ್ರ. ಗೋಳಗುಚ್ಛಗಳಲ್ಲಿ ಈ ದೈತ್ಯಗಳು ಆರ್‌ಆರ್ ಲೈರೆಗಿಂತ 1.5 ಕಾಂತಿಮಾನದಷ್ಟು ಹೆಚ್ಚು ಪ್ರಕಾಶದವು ಎಂಬುದು ಮೊದಲೇ ಗೊತ್ತಿತ್ತು. ಹಾಗಾದರೆ ಹುಡುಕುತ್ತಿದ್ದ ನಕ್ಷತ್ರಗಳು ಇನ್ನೂ 1.5ರಷ್ಟು ಮಂಕಾಗಿ, ಫಲಕಕ್ಕೆ ಎಟಕದ ಆಳದಲ್ಲಿ ಇರಬೇಕು.

ಹುಡುಕಿದ್ದು ಸಿಗದಾಗ ಸಾಮಾನ್ಯವಾಗಿ ನಾವು ಸಲಕರಣೆಯನ್ನು ದೂರುತ್ತೇವೆ, ಇಲ್ಲವೇ ಮತ್ತೊಂದು ಇರುಳು ನೋಡೋಣವೆನ್ನುತ್ತೇವೆ. ಬಾಡೆ ಸಿಗದಿರುವುದನ್ನೇ ಸಾಕ್ಷಿಯಾಗಿ ಹಿಡಿದರು. ಗ್ರಂಥಸಂಪಾದನೆಯ ಪಾಠದಲ್ಲಿ ನಾವು ಓದುವ ಸಮಸ್ಯೆಯೂ ಹೀಗೆಯೇ ಇರುತ್ತದೆ: ಎರಡು ಹಸ್ತಪ್ರತಿ ಕುಲಗಳು ಒಂದನ್ನೊಂದು ಒಪ್ಪುತ್ತಿಲ್ಲ, ಯಾವುದರ ಪಾಠ ಕೆಟ್ಟಿದೆ? ಆರ್‌ಆರ್ ಲೈರೆ ಒಂದು ದೂರವನ್ನು ಹೇಳುತ್ತದೆ, ಸೆಫೀಡ್ ಇನ್ನೊಂದನ್ನು. ಆಂಡ್ರೊಮಿಡದ ಗೋಳಗುಚ್ಛಗಳು ನಮ್ಮವಕ್ಕಿಂತ ಹೆಚ್ಚು ಕಡಿಮೆ ಇದೇ 1.5ರಷ್ಟು ಮಂಕಾಗಿ ಕಾಣುತ್ತವೆಂಬ ಹಳೆಯ ದೂರು ಇಲ್ಲಿ ಮೂರನೆಯ ಸಾಕ್ಷಿಯಾಗಿ ಬಂದು ನಿಂತಿತು. ಆಂಡ್ರೊಮಿಡ ಇನ್ನೂ ದೂರದಲ್ಲಿದೆಯೆಂದರೆ ಗೋಳಗುಚ್ಛಗಳ ಮಂಕು ತಾನಾಗಿ ವಿವರಣೆ ಪಡೆಯುತ್ತದೆ. ಆದ್ದರಿಂದ ಕೆಟ್ಟಿರುವುದು ಸೆಫೀಡ್‌ಗಳ ಗೋಲು. ತೋಳುಗಳಲ್ಲಿನ ಸೆಫೀಡ್‌ಗಳು ಎಣಿಸಿದ್ದಕ್ಕಿಂತ 1.5 ಕಾಂತಿಮಾನ, ಎಂದರೆ ನಾಲ್ಕು ಪಟ್ಟು, ಹೆಚ್ಚು ಪ್ರಕಾಶದವು. ದೀಪ ನಾಲ್ಕು ಪಟ್ಟು ದೊಡ್ಡದಾಗಿದ್ದೂ ಅಷ್ಟೇ ಮಂಕಾಗಿ ಕಾಣುತ್ತಿದ್ದರೆ ಅದು ಎರಡು ಪಟ್ಟು ದೂರದಲ್ಲಿರಬೇಕು.

1952ರ ಸೆಪ್ಟೆಂಬರಿನಲ್ಲಿ ರೋಮ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧಿವೇಶನ ನಡೆಯಿತು. ಗೆಲಾಕ್ಸಿಗಳ ಕುರಿತಾದ ಗೋಷ್ಠಿಯಲ್ಲಿ ಬಾಡೆ ತಮ್ಮ ನಿರ್ಣಯವನ್ನು ಮಂಡಿಸಿದರು. ಅದೇ ಸಭೆಯಲ್ಲಿ ದಕ್ಷಿಣ ಆಫ್ರಿಕದಿಂದ ಬಂದಿದ್ದ ಡೇವಿಡ್ ಥ್ಯಾಕರೆ ಎದ್ದು, ಚಿಕ್ಕ ಮೆಗೆಲನ್ ಮೋಡದ ಗುಚ್ಛವೊಂದರಲ್ಲಿ ತಾವು ಆರ್‌ಆರ್ ಲೈರೆ ನಕ್ಷತ್ರಗಳನ್ನು ಕಂಡಿರುವುದಾಗಿಯೂ ಅವು ನಿರೀಕ್ಷೆಗಿಂತ ಬಹಳ ಮಂಕಾಗಿರುವುದಾಗಿಯೂ ತಿಳಿಸಿದರು. ಲೆವಿಟ್ ಗೋಲನ್ನು ಕಂಡ ಮೋಡದಲ್ಲಿಯೇ ಗೋಲಿನ ದೋಷಕ್ಕೆ ಸಾಕ್ಷಿ ದೊರೆಯಿತು. ಗೋಷ್ಠಿಯ ನಡಾವಳಿಯನ್ನು ಬರೆದುಕೊಳ್ಳುತ್ತಿದ್ದವರು ಫ್ರೆಡ್ ಹಾಯ್ಲ್. ವಿಶ್ವಕ್ಕೆ ಆದಿಯೇ ಇಲ್ಲವೆಂಬ ಸಿದ್ಧಾಂತವನ್ನು ನಾಲ್ಕು ವರ್ಷಗಳ ಹಿಂದೆ ಮುಂದಿಟ್ಟವರಲ್ಲಿ ಅವರೂ ಒಬ್ಬರು. ಭೂಮಿಗಿಂತ ವಿಶ್ವ ಕಿರಿದೆಂಬ ವಿರೋಧಾಭಾಸ ಆ ಸಿದ್ಧಾಂತಕ್ಕೆ ಒಂದು ಊರೆಗೋಲಾಗಿತ್ತು. ಆ ಊರೆಗೋಲು ಸಡಿಲವಾದದ್ದನ್ನು ಅವರೇ ಕೈಯಾರೆ ದಾಖಲಿಸಬೇಕಾಯಿತು.

ಒಂದು ತಿದ್ದುಪಡಿಯಿಂದ ಎಷ್ಟೆಲ್ಲ ನೇರವಾಯಿತೆಂದು ನೋಡಿ. ಗೆಲಾಕ್ಸಿಗಳ ದೂರವೆಲ್ಲ ಎರಡು ಪಟ್ಟಾಯಿತು. ಆದ್ದರಿಂದ ವಿಶ್ವದ ವಯಸ್ಸು 180 ಕೋಟಿಯಿಂದ 360 ಕೋಟಿ ವರ್ಷಗಳಿಗೆ ಏರಿ, ಆಗ ತಿಳಿದಿದ್ದ ಭೂಮಿಯ ವಯಸ್ಸನ್ನು ದಾಟಿತು. ಆಕಾಶಗಂಗೆಯ ಒಳಗಿನ ದೂರಗಳು ಆರ್‌ಆರ್ ಲೈರೆಯಿಂದ ಅಳೆದವಾದ್ದರಿಂದ ಅವು ಬದಲಾಗಲಿಲ್ಲ. ಹೊರಗಿನ ಗೆಲಾಕ್ಸಿಗಳು ಮಾತ್ರ ದೂರ ಸರಿದು, ಅದೇ ಪ್ರಮಾಣದಲ್ಲಿ ದೊಡ್ಡವಾದವು. ನಮ್ಮದು ಅರಮನೆಯಲ್ಲ, ಕೇರಿಯ ಹಲವು ಮನೆಗಳಲ್ಲಿ ಒಂದು ಎಂದಾಯಿತು. ಆಂಡ್ರೊಮಿಡವಂತೂ ನಮಗಿಂತ ದೊಡ್ಡ ಮನೆ. ಹಬಲ್ ಮರುವರ್ಷ ತೀರಿಕೊಂಡರು.

ತಿದ್ದುಪಡಿ ಅಲ್ಲಿಗೆ ಮುಗಿಯಲಿಲ್ಲ. ಬಾಡೆಯವರ ಬಳಿ ಡಾಕ್ಟರೇಟಿಗೆ ಓದಿದ ಅಲನ್ ಸ್ಯಾಂಡೇಜ್, ದೂರದ ಗೆಲಾಕ್ಸಿಗಳಲ್ಲಿ ಹಬಲ್ ಅತಿ ಪ್ರಕಾಶದ ನಕ್ಷತ್ರಗಳೆಂದು ತಿಳಿದಿದ್ದ ಹಲವು ಚುಕ್ಕಿಗಳು ನಕ್ಷತ್ರಗಳಲ್ಲ, ಹೊಳೆಯುವ ಅನಿಲದ ಮುದ್ದೆಗಳು ಎಂದು 1958ರಲ್ಲಿ ತೋರಿಸಿ, ವಿಶ್ವವನ್ನು ಮತ್ತಷ್ಟು ಹಿಗ್ಗಿಸಿದರು. ಇಂದಿನ ಅಂಕಿ 1380 ಕೋಟಿ ವರ್ಷಗಳು. ಬಾಡೆಯವರ 360 ಕೋಟಿ ಇದರ ಮುಂದೆ ಬಹಳ ತಪ್ಪಾದ ಅಂಕಿಯೇ. ಅವರು ಹುಡುಕಿ ಸೋತ ಆಂಡ್ರೊಮಿಡದ ಆರ್‌ಆರ್ ಲೈರೆ ನಕ್ಷತ್ರಗಳು 1980ರ ದಶಕದ ಕೊನೆಯಲ್ಲಿ ಬೇರೆಯವರಿಗೆ ಸಿಕ್ಕವು. ಅವು ಬಾಡೆ ಎಣಿಸಿದ್ದಕ್ಕಿಂತಲೂ ಮಂಕಾಗಿ, 25ನೆಯ ಕಾಂತಿಮಾನದ ಆಚೆಗಿದ್ದವು.

ಬಾಡೆ ಬರೆದದ್ದು ಕಡಿಮೆ. ಮಾತಿನಲ್ಲಿ ಉದಾರಿ, ತಮ್ಮ ಫಲಕಗಳನ್ನು ಕೇಳಿದವರಿಗೆ ತೋರಿಸುವುದರಲ್ಲೂ ಉದಾರಿ. ಪೆನ್ನು ಹಿಡಿದು ಕುಳಿತುಕೊಳ್ಳುವುದು ಮಾತ್ರ ಅವರಿಗೆ ಕಷ್ಟವಾಗಿತ್ತು. ಇನ್ನೊಂದು ಒಳ್ಳೆಯ ಫಲಕ ಸಿಗಲಿ, ಆಮೇಲೆ ಬರೆಯೋಣ ಎಂಬ ಮನೋಧರ್ಮದವರು. ಇದು ಗುಣವೋ ದೋಷವೋ ಹೇಳುವುದು ಸುಲಭವಲ್ಲ. ಇಂಥ ಹಟವಿಲ್ಲದಿದ್ದರೆ 1943ರ ಫಲಕಗಳು ಹುಟ್ಟುತ್ತಿರಲಿಲ್ಲ. ಆದರೆ ಅದೇ ಹಟದಿಂದ ಎಷ್ಟೋ ವರ್ಷಗಳ ವೀಕ್ಷಣೆ ಪೆಟ್ಟಿಗೆಗಳಲ್ಲಿ ಉಳಿಯಿತು. 1952ರಲ್ಲಿ ಹೆನ್ರಿಯೆಟಾ ಸ್ವೋಪ್ ಅವರ ಸಹಾಯಕ್ಕೆ ಬಂದರು. ಹಾರ್ವರ್ಡಿನಲ್ಲಿ ಶೇಪ್ಲಿಯವರ ಬಳಿ ಪಳಗಿದ್ದ ಸ್ವೋಪ್, ಸಾವಿರಾರು ಚುಕ್ಕಿಗಳ ನಡುವೆ ಬೆಳಗಿ ಕುಂದುವವನ್ನು ಆರಿಸಿ, ಪ್ರತಿಯೊಂದರ ಏರಿಳಿತವನ್ನು ಫಲಕದಿಂದ ಫಲಕಕ್ಕೆ ಅಳೆಯುವ ತಾಳ್ಮೆಯ ಕೆಲಸವನ್ನು ವಹಿಸಿಕೊಂಡರು.

1958ರಲ್ಲಿ ನಿವೃತ್ತರಾದ ಬಾಡೆ ಹಾರ್ವರ್ಡಿನಲ್ಲಿ ಒಂದು ಉಪನ್ಯಾಸಮಾಲೆಯನ್ನು ಕೊಟ್ಟರು. ಬರೆಯಲೊಲ್ಲದವರ ಅರಿವೆಲ್ಲ ಮಾತಾಗಿ ಹರಿಯಿತು. ಅವರು ತೀರಿಕೊಂಡ ಮೇಲೆ ಸಿಸಿಲಿಯ ಪೇನ್-ಗಪೋಶ್ಕಿನ್ ಅದನ್ನು ಸಂಪಾದಿಸಿ ಪುಸ್ತಕವಾಗಿಸಿದರು. ಅಲ್ಲಿಂದ ಬಾಡೆ ಆಸ್ಟ್ರೇಲಿಯಕ್ಕೆ ಹೋಗಿ, ಬಳಿಕ ತಾವು ಓದಿದ ಗಟ್ಟಿಂಗೆನ್ನಿಗೆ ಪ್ರಾಧ್ಯಾಪಕರಾಗಿ ಮರಳಿದರು. ಬಾಲ್ಯದಿಂದ ಕಾಡಿದ ಸೊಂಟದ ಕೀಲಿಗೆ ಅಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅದರ ಅನಂತರದ ತೊಡಕುಗಳಿಂದ 1960ರ ಜೂನ್ 25ರಂದು ತೀರಿಕೊಂಡರು.

ಪಾಸಡೀನದಲ್ಲಿ ಸ್ವೋಪ್ ಫಲಕಗಳನ್ನು ಅಳೆಯುತ್ತಲೇ ಇದ್ದರು. ಆಂಡ್ರೊಮಿಡದ ಅಂಚಿನ ಕಡೆಗೆ, ಧೂಳು ಅತಿ ಕಡಿಮೆಯಿರುವ ಭಾಗವೊಂದನ್ನು ಆರಿಸಿ ಬಾಡೆ ತೆಗೆದಿದ್ದ ಚಿತ್ರಗಳಿಂದ ಸೆಫೀಡ್‌ಗಳನ್ನು ಹೆಕ್ಕಿ, ಅವರು ಹೊಸದಾಗಿ ಗಣಿಸಿದ ದೂರ ಸುಮಾರು 22 ಲಕ್ಷ ಜ್ಯೋತಿರ್ವರ್ಷಗಳು. ಇಂದು ಒಪ್ಪಿರುವ 25 ಲಕ್ಷಕ್ಕೆ ಅದು ಬಹಳ ಹತ್ತಿರ. ಆ ಲೇಖನ 1963ರಲ್ಲಿ ಪ್ರಕಟವಾಯಿತು. ಅದರ ಮೇಲೆ ಇಬ್ಬರ ಹೆಸರುಗಳಿವೆ, ಮೊದಲನೆಯದು ಬಾಡೆಯವರದು.